ಮುಚ್ಚಿಟ್ಟ ಉತ್ತರ

"ದಕ್ಷಿಣದ ಆ ತುಂಡು ಆಕಾಶನ ಪಟ್ಟಿಯಿಂದ ಕಿತ್ತು ಬಿಸಾಕು ಅಂತ ಎಷ್ಟು ಸಲ ಹೇಳ್ಬೇಕು? ಕಿವಿಗೇನು ಹತ್ತಿ ತುರುಕ್ಕೊಂಡಿದೀಯ?"

ಹೀಗೆ ಗದರಿದವರು ತಂಡದ ಪ್ರೊಫೆಸರು. ಬೆನ್ನ ಹಿಂದೆ ಎಲ್ಲರೂ ಅವರನ್ನು ದೂರ್ವಾಸ ಎನ್ನುತ್ತಿದ್ದರು. ಪಾಪ, ಆ ಮುನಿಗೆ ಅಷ್ಟು ಅವಮಾನ ಮಾಡಬಾರದಿತ್ತು. ಬೈಸಿಕೊಂಡವಳು ಅವರ ಕೈಕೆಳಗೆ ಐದು ವರ್ಷ ಗ್ಯಾಲಕ್ಸಿಗಳ ಪಟ್ಟಿ ತಿದ್ದಿ ತಿದ್ದಿ ಕಣ್ಣು ಕೆಡಿಸಿಕೊಂಡ ವಿದ್ಯಾರ್ಥಿನಿ.

ಗ್ಯಾಲಕ್ಸಿಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡಿಲ್ಲ, ಗುಂಪುಗೂಡಿವೆ. ಅವುಗಳ ನಡುವಿನ ಅಂತರ ಕಾಲಕಾಲಕ್ಕೆ ಎಷ್ಟು ಹಿಗ್ಗಿತೆಂದು ಅಳೆದರೆ, ವಿಶ್ವವನ್ನು ಹಿಗ್ಗಿಸುತ್ತಿರುವ ಕಪ್ಪು ಶಕ್ತಿ ಒಂದೇ ಸಮನಿದೆಯೋ ಕುಂದುತ್ತಿದೆಯೋ ತಿಳಿಯುತ್ತದೆ. ಕುಂದುತ್ತಿದೆ ಎಂದು ಪ್ರೊಫೆಸರು ಇಪ್ಪತ್ತು ವರ್ಷದಿಂದ ಸಾರುತ್ತ ಬಂದಿದ್ದರು. ಬೇಕಾದ ಉತ್ತರದ ಕಡೆಗೆ ಯಾರ ಕೈಯೂ ಜಾರದಿರಲೆಂದೇ ಒಂದು ಕಟ್ಟುಪಾಡಿತ್ತು: ಅಳತೆಗಳಿಗೆಲ್ಲ ಕಂಪ್ಯೂಟರು ಒಂದು ಗುಟ್ಟಿನ ವ್ಯತ್ಯಾಸ ಸೇರಿಸಿಡುತ್ತದೆ, ಪ್ರೊಫೆಸರು, ಅವರ ಇಬ್ಬರು ವಿದ್ಯಾರ್ಥಿಗಳು, ಹೀಗೆ ತಂಡದ ಮೂವರೂ ಸಹಿ ಹಾಕಿದ ಮೇಲೆಯೇ ಅದನ್ನು ತೆಗೆದು ನಿಜ ನೋಡಬೇಕು. ಯಾರಾದರೂ ಮೊದಲೇ ಇಣುಕಿದರೆ ಕೆಲಸವೆಲ್ಲ ಮೊದಲಿನಿಂದ. ಸಹಿಯ ಹಾಳೆ ಹಿಡಿದೇ ಅವರು ವಿದ್ಯಾರ್ಥಿಗಳ ಕೋಣೆಗೆ ಬಂದಿದ್ದರು.

"ಆ ತುಂಡಲ್ಲಿ ತಪ್ಪೇನಿದೆ ಸರ್?"

"ಶಕ್ತಿ ಕುಂದ್ತಾ ಇಲ್ಲ ಅಂತಿರೋದು ಅದೊಂದೇ ಕಣಮ್ಮ!"

ಮಾತು ಜಾರಿತ್ತು. ಗುಟ್ಟಿನ ವ್ಯತ್ಯಾಸ ಇರುವಷ್ಟು ದಿನ ಯಾವ ತುಂಡು ಏನು ಹೇಳುತ್ತಿದೆ ಎಂಬುದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಸುಮ್ಮನಿದ್ದರೆ ಅವಳಿಗೆ ಈ ವರ್ಷವೇ ಡಾಕ್ಟರೇಟು. ಬಾಯಿ ಬಿಟ್ಟರೆ ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

"ನೀವು ಆಗ್ಲೇ ನೋಡ್ಬಿಟ್ಟಿದೀರ ಸರ್."

"ಬಾಯಿ ಮುಚ್ಕೊಂಡು ಸಹಿ ಹಾಕು. ನನ್ನಿಂದ ನೀನು ಇಲ್ಲಿ ಕೂತಿರೋದು."

ಪಕ್ಕದ ಮೇಜಿನ ಸೋಡಾಬುಡ್ಡಿ, ಅಂದರೆ ದಪ್ಪ ಕನ್ನಡಕದ ಸಹಪಾಠಿ, ಅವಳ ಕಾಲು ತುಳಿದ. ಅವನ ಡಾಕ್ಟರೇಟೂ ಇದೇ ಅಳತೆಯ ಮೇಲೆ ನಿಂತಿತ್ತು. "ಹಾಕ್ಬಿಡೇ, ನಿನ್ನ ದಮ್ಮಯ್ಯ," ಎಂದು ಪಿಸುಗುಟ್ಟಿದ.

ಅವಳು ಹಾಳೆ ಎಳೆದುಕೊಂಡು, ಸಹಿಯ ಜಾಗದಲ್ಲಿ 'ಉತ್ತರವನ್ನು ಮೊದಲೇ ನೋಡಲಾಗಿದೆ' ಎಂದು ಬರೆದಳು. ನೋಡಿದವರು ಯಾರೆಂದೂ ಬರೆದಳು. ಹಾಳೆಯನ್ನು ಅವರ ಮುಂದಕ್ಕೆ ತಳ್ಳಿದಳು.

ಪ್ರೊಫೆಸರು ಕುರ್ಚಿ ಒದ್ದರು. "ಹಾಳಾಗಿ ಹೋಗು! ನಿಂಗೆ ಇನ್ಯಾವನು ಗೈಡ್ ಆಗ್ತಾನೋ ನಾನೂ ನೋಡ್ತೀನಿ." ಬಾಗಿಲು ಗೋಡೆಗೆ ಬಡಿಯಿತು.

ಸೋಡಾಬುಡ್ಡಿಯಾದರೂ ತನ್ನ ಕಡೆ ನಿಲ್ಲುತ್ತಾನೆಂದು ಅವಳು ಆಸೆಯಿಂದ ತಿರುಗಿದಳು.

"ದೊಡ್ಡ ಸತ್ಯಹರಿಶ್ಚಂದ್ರನ ಮೊಮ್ಮಗಳು! ಮುಳುಗೋಳು ಒಬ್ಳೇ ಮುಳುಗ್ಬೇಕಿತ್ತು. ನನ್ನನ್ನೊಂದು ಮಾತು ಕೇಳಿದ್ಯಾ?"

ಅವನು ವೈರುಗಳನ್ನೆಲ್ಲ ಕಿತ್ತು, ತನ್ನ ಮೇಜನ್ನು ಕಿರ್ರೆನ್ನಿಸುತ್ತ ಎದುರು ಗೋಡೆಗೆ ಎಳೆದುಕೊಂಡು ಹೋಗಿ, ಬೆನ್ನು ಹಾಕಿ ಕೂತ. ಐದು ವರ್ಷ ಮೇಜಿದ್ದ ಕಡೆ ನೆಲ ಸವೆಯದೆ ಹೊಸದರಂತೆ ಹೊಳೆಯುತ್ತಿತ್ತು.