ಅಕ್ಕುವಿನ ಗಿರಣಿಗೆ ತಪಾಸಣೆ

ಅಲೆವೂರಿನ ಆ ಓಣಿಗೆ ಮೊದಲು ಬಂದದ್ದು ಅಕ್ಕುವಿನ ಗಿರಣಿ, ಮನೆಗಳೆಲ್ಲ ಆಮೇಲೆ. ಆದರೂ ಹೊಸ ನಕ್ಷೆಯಲ್ಲಿ ಅದು ವಸತಿ ವಲಯ. ಗಿರಣಿಗೆ ಅಲ್ಲಿ ಜಾಗವಿಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಇದ್ದ ಹಾಗೇ ನಡೆಸಿಕೊಂಡು ಹೋಗಲು ಬಿಟ್ಟಿದ್ದರು. ಹೊಸ ಯಂತ್ರ ತರುವಂತಿಲ್ಲ. ನಿಂತಿತೆಂದಾದರೆ ಮತ್ತೆ ಶುರುಮಾಡುವಂತೆಯೂ ಇಲ್ಲ.

ಈ ಕೊನೆಯ ಮಾತು ಅಕ್ಕುವಿನ ತಲೆಗೆ ಹೋಗಿರಲಿಲ್ಲ. ಶಬ್ದದ ದೂರಿನ ಮೇಲೆ ಅಧಿಕಾರಿ ತಪಾಸಣೆಗೆ ಬರುತ್ತಾರೆಂದು ಗೊತ್ತಾದದ್ದೇ, ಮನೆಗೆ ಹೆಣ್ಣು ನೋಡಲು ಬರುವವರಿದ್ದಾರೇನೋ ಎಂಬಂತೆ ಗಿರಣಿ ತೊಳೆಸಿ, ಯಂತ್ರಕ್ಕೆ ಬಿಳಿ ಬಟ್ಟೆ ಹೊದಿಸಿದಳು.

"ಇವತ್ತು ಒಂದು ಶಬ್ದ ಬರಬಾರದು, ಆಯ್ತಾ?"

ಸವಿತಾ ತಲೆಯಾಡಿಸಿದಳು. ಅವಳು ಮಾತಾಡುವುದೇ ಕಡಿಮೆ. ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದ ಅಪ್ಪ ಅಮ್ಮನ ಜೊತೆ ಬಂದು, ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಅಕ್ಕು ಅವಳನ್ನು ಕೆಲಸಕ್ಕಿಟ್ಟುಕೊಂಡು, ಮಧ್ಯಾಹ್ನ ಎದುರು ಕೂರಿಸಿಕೊಂಡು ಗಂಜಿ ಉಣಿಸುತ್ತಿದ್ದಳು. ಗಿರಣಿ ಮುಚ್ಚಿದರೆ ಅವಳಿಗೆ ಮತ್ತೆ ಜಲ್ಲಿ ಹೊರುವುದೇ ಗತಿ.

ಅಧಿಕಾರಿ ಬಂದಾಗ ಪಕ್ಕದ ಫ್ಲ್ಯಾಟಿನ ಸಿಸಿಲಿಯಾ ಬಾಯಿ ಒಣಮೆಣಸಿನ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ದೂರು ಕೊಟ್ಟವರು ನೀವೇ ಅಲ್ವಾ?" ಅಧಿಕಾರಿ ಅವರನ್ನು ಕೇಳಿದ.

"ಮಧ್ಯಾಹ್ನ ಶಬ್ದ ಬೇಡ ಅಂತ ಬರೆದದ್ದು ಮಾರಾಯ್ರೆ! ಮುಚ್ಚಿಸಿ ಅಂತ ಯಾರು ಹೇಳಿದ್ದು? ಮತ್ತೆ ನನ್ನ ಬಫತ್ ಮಸಾಲೆ ಹುಡಿ ಯಾರು ಮಾಡಿಕೊಡುವುದು, ನೀವಾ?"

ಅಧಿಕಾರಿ ಬಿಳಿ ಬಟ್ಟೆಯ ಅಂಚನ್ನೆತ್ತಿ ನೋಡಿದ. "ಇದು ನಡೆಯುವ ಹಾಗೆ ಕಾಣುವುದಿಲ್ಲವಲ್ಲ ಅಮ್ಮ?"

"ಶಬ್ದವೇ ಇಲ್ಲ ಸರ್. ಯಾರಿಗೂ ಉಪದ್ರ ಇಲ್ಲ," ಅಕ್ಕು ಹೆಮ್ಮೆಯಿಂದ ಹೇಳಿದಳು.

"ಹಾಗಾದರೆ ನಿಂತಿದೆ ಅಂತ ಬರೆಯುತ್ತೇನೆ. ಇನ್ನು ಶುರುಮಾಡಲಿಕ್ಕಿಲ್ಲ."

ಅಕ್ಕುವಿನ ಮುಖದ ನಗು ಹಾಗೇ ಉಳಿಯಿತು, ಕಣ್ಣಲ್ಲಿ ಮಾತ್ರ ಗಾಬರಿ ಕಂಡಿತು. ಅವಳು ಸವಿತಾಳ ಕಡೆ ನೋಡಿದಳು.

ಸವಿತಾ ಬಾಗಿಲ ಮರೆಯಿಂದ ಈಚೆ ಬಂದಳು. ಸಿಸಿಲಿಯಾ ಬಾಯಿಯ ಕೈಯಿಂದ ಬುಟ್ಟಿ ತೆಗೆದುಕೊಂಡಳು, ಬಟ್ಟೆ ಎಳೆದು ಬಿಸಾಡಿದಳು, ಸ್ವಿಚ್ ಒತ್ತಿದಳು. ನೆಲ ಅದುರಿತು. ಒರೆಸಲು ಮರೆತ ಜಂತಿಗಳ ಮೇಲಿನ ಹಿಟ್ಟು ಅಧಿಕಾರಿಯ ತಲೆಗೆ ಉದುರಿತು. ಮೆಣಸು ಒಳಗಿಳಿದದ್ದೇ ಘಾಟು ಎದ್ದಿತು. ಅವನು ಸೀನಿದ, ಸಿಸಿಲಿಯಾ ಬಾಯಿ ಸೀನಿದರು, ಅಕ್ಕುವೂ ಸೀನಿದಳು.

"ನಡೀತೈತ್ರೀ ಸರ್!" ಸವಿತಾ ಯಂತ್ರಕ್ಕಿಂತ ಜೋರಾಗಿ ಕೂಗಿದಳು.

"ಗೊತ್ತಾಯ್ತು, ನಿಲ್ಲಿಸಿ!"

"ನಿಲ್ಸಂಗಿಲ್ರೀ. ಮೊದ್ಲ ಬರೀರಿ!"

ಅವನು ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಲ್ಲಿ "ಚಾಲನೆಯಲ್ಲಿದೆ" ಎಂದು ಬರೆದ. ಬರೆದದ್ದನ್ನು ಅವಳ ಕಡೆ ತಿರುಗಿಸಿ ತೋರಿಸಿ, ಸೀನುತ್ತಲೇ ಗೇಟು ದಾಟಿದ.

ಅಕ್ಕು ಸೆರಗಿನಿಂದ ಸವಿತಾಳ ಕಣ್ಣು ಮೂಗು ಎಲ್ಲ ಒಟ್ಟಿಗೇ ಒರೆಸಿದಳು. "ಇಷ್ಟು ದೊಡ್ಡ ಸ್ವರ ಎಲ್ಲಿ ಅಡಗಿಸಿಟ್ಟಿದ್ದಿ ಮಾರಾಯ್ತಿ?"

ಸವಿತಾ ಉಳಿದ ಮೆಣಸನ್ನು ಯಂತ್ರಕ್ಕೆ ಸುರಿದಳು.