ಈಜಿಪ್ಟಿನ ಗದ್ದುಗೆ

೧೯೫೭ರಲ್ಲಿ ನಾನು ಅರಸೀಕೆರೆಯ ಒಂದು ಕಮಿಟಿ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಮೂರು ವರ್ಷದಿಂದ ಹಂಗಾಮಿ. ಕೆಲಸ ಖಾಯಂ ಆಗದೆ ಮಗಳನ್ನು ಕೊಡುವುದಿಲ್ಲ ಎಂದು ಬೇಲೂರಿನ ಕೋಮಲವಲ್ಲಿಯ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಸ್ವಂತ ಕಟ್ಟಡವಿಲ್ಲದೆ ನಮ್ಮ ಪಾಠಗಳು ವೀರಶೈವ ಮಠದ ಹಜಾರದಲ್ಲಿ ನಡೆಯುತ್ತಿದ್ದವು. ಕಮಿಟಿಯವರ ಕಣ್ಣಿಗೆ ಬೀಳಲೆಂದೇ ನಾನು ತಿಂಗಳುಗಟ್ಟಲೆ ಕೂತು, ದೊಡ್ಡ ಬಟ್ಟೆಯ ಮೇಲೆ ಪ್ರಾಚೀನ ಈಜಿಪ್ಟಿನ ಪ್ರಧಾನ ಅರ್ಚಕನೊಬ್ಬನ ಸಮಾಧಿಯ ಚಿತ್ರ ಬರೆದೆ. ಬೋಳುತಲೆ, ಹೆಗಲ ಮೇಲೆ ಚಿರತೆಯ ಚರ್ಮ, ಕಲ್ಲಿನ ಪೆಟ್ಟಿಗೆಯಲ್ಲಿ ಅಂಗಾತ ಮಲಗಿದ ದೇಹ. ಗೋಡೆಗೆ ತೂಗುಹಾಕಿದ ಮೇಲಷ್ಟೇ ಅರಿವಾಯಿತು. ಮಠದೊಳಗೆ ಹೆಣದ ಚಿತ್ರ!

ಅಷ್ಟರಲ್ಲಿ ಕಮಿಟಿಯ ಅಧ್ಯಕ್ಷರು, ಕೊಬ್ಬರಿ ಮಂಡಿಯ ಗಂಗಾಧರಯ್ಯನವರು, ಹೆಂಡತಿ ವಿಶಾಲಮ್ಮನವರೊಡನೆ ಬಂದೇಬಿಟ್ಟರು. ಚಿತ್ರ ನೋಡಿ ಇಬ್ಬರೂ ಕೈಮುಗಿದರು.

“ಯಾವ ಮಠದ ಗುರುಗಳು, ವರದರಾಜ ಮೇಷ್ಟ್ರೇ? ಚರ್ಮ ಹೊದ್ದವ್ರೆ.”

“ಈಜಿಪ್ಟು ದೇಶದ ಅರ್ಚಕರು ಸ್ವಾಮಿ. ಮೂರು ಸಾವಿರ ವರ್ಷ ಆಯ್ತು. ಇದು ಅವರ ಸಮಾಧಿ.”

“ಗದ್ದುಗೆ ಅನ್ನಿ!” ಎಂದವರು ಹತ್ತಿರ ಬಂದು ಹುಬ್ಬು ಗಂಟಿಕ್ಕಿದರು. “ಇದೇನ್ರೀ, ಗುರುಗಳನ್ನ ಮಲಗಿಸಿಬಿಟ್ಟಿದೀರಿ?”

ನನಗೆ ಹೊಳೆದದ್ದೇ ಆಗ. ವೀರಶೈವರಲ್ಲಿ ತೀರಿಕೊಂಡ ಗುರುಗಳನ್ನು ಪದ್ಮಾಸನದಲ್ಲಿ ಕೂರಿಸಿ ಸಮಾಧಿ ಮಾಡಿ, ಮೇಲೆ ಗದ್ದುಗೆ ಕಟ್ಟಿ ಪೂಜಿಸುತ್ತಾರೆ. ಗುರುವನ್ನು ಮಲಗಿಸುವುದೆಂದರೆ ಅವರಿಗೆ ಮಹಾ ಅಪಚಾರ.

“ಕೂರಿಸಿ ಬರೀರಿ. ನಾಳೆ ಮೀಟಿಂಗ್‌ನಲ್ಲಿ ನಿಮ್ಮ ಅರ್ಜಿ ಐತೆ, ನಾನೇ ಮಾತಾಡ್ತೀನಿ.”

ಕುಂಚ ಕೈಯಲ್ಲೇ ಇತ್ತು. ನಾಲ್ಕು ಗೆರೆ ತಿದ್ದಿದರೆ ಕೋಮಲವಲ್ಲಿ ನನ್ನವಳು. ಬಣ್ಣಕ್ಕೆ ಅದ್ದಿದೆ ಕೂಡ. ಆದರೆ ಅಷ್ಟು ದಿನ ಎದುರು ಕೂತು ಬರೆದ ಆ ಮುಖದ ಮೇಲೆ ಕೈ ಏಳಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

“ಆಗೋದಿಲ್ಲ ಸ್ವಾಮಿ. ಹೀಗೆ ಮಲಗಿಸಿದ್ರೇನೇ ಸದ್ಗತಿ ಅಂತ ಅವರ ಕಡೆಯೋರು ನಂಬಿದ್ರು. ಅವರ ಗುರುಗಳನ್ನ ನಾನು ಹೇಗೆ ಎಬ್ಬಿಸಲಿ?”

ಗಂಗಾಧರಯ್ಯನವರ ಹುಬ್ಬು ಇನ್ನಷ್ಟು ಗಂಟಾಯಿತು. ಕೆಲಸವೂ ಹೋಯಿತು, ಹುಡುಗಿಯೂ ಹೋದಳು ಅಂದುಕೊಂಡೆ. ವಿಶಾಲಮ್ಮನವರು ಮಾತ್ರ ಸೆರಗಿನ ಗಂಟು ಬಿಚ್ಚಿ ವಿಭೂತಿ ತೆಗೆದು, ಮಲಗಿದ್ದವನ ಹಣೆಗೆ ಮೂರು ಬೆರಳಿನಿಂದ ಎಳೆದರು.

“ಮಲಗ್ಲಿ ಬಿಡ್ರಿ. ಅಷ್ಟು ದೂರದಿಂದ ಬಂದವ್ರೆ, ದಣಿದಿರ್ತಾರೆ.”

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಆಯ್ತು. ಆದ್ರೆ ಗದ್ದುಗೆ ಅಂದ್ಮೇಲೆ ದಿನಾ ದೀಪ ಹಚ್ಚೋಕೆ ಒಬ್ರು ಬೇಕಲ್ಲ? ಹಂಗಾಮಿ ಮೇಷ್ಟ್ರನ್ನ ನಂಬ್ಕೊಂಡು ಆಗೋ ಕೆಲಸ ಅಲ್ಲ ಅದು. ನೀವು ಖಾಯಂ ಆಗಿಬಿಡಿ.”

ಮರುದಿನ ಮೀಟಿಂಗ್ ಮುಗಿದೊಡನೆ ಬೇಲೂರಿಗೆ ಕಾಗದ ಹಾಕಿದೆ. ನನ್ನ ಭಾವೀ ಮಾವನವರು ಚೆನ್ನಕೇಶವನ ಪೂಜೆ ಮಾಡುವವರು, ಕಟ್ಟಾ ಆಚಾರವಂತರು. ಅಳಿಯ ಯಾರಿಗೆ ದೀಪ ಹಚ್ಚಿ ಕೆಲಸ ಉಳಿಸಿಕೊಂಡಿದ್ದಾನೆಂಬುದನ್ನು ಮಾತ್ರ ತಾಳಿ ಕಟ್ಟುವವರೆಗೂ ಅವರಿಗೆ ತಿಳಿಸಲಿಲ್ಲ.