ಕೈಗೆ ಸಿಗದ ಬೂದಿ

ಸಾಲಗಾಮೆ ಕಡೆಯ ಆ ಊರಿನಲ್ಲಿ ರೇವಮ್ಮನ ಕೋಳಿಗಳಷ್ಟು ಪೊಗರಿನವು ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಗೂಡಿಗೆ ಬರುವುದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ, ಸಂಜೆಯಾದರೆ ಹುಣಸೆಮರ ಹತ್ತಿ ಕೂರುತ್ತಿದ್ದವು. ಕೊಕ್ಕರೆ ರೋಗ ಬಂದು ಊರ ಕೋಳಿಯೆಲ್ಲ ಕತ್ತು ತಿರುಚಿಕೊಂಡು ಬಿದ್ದ ವರ್ಷವೂ ಆ ಮರದಲ್ಲಿ ಐದಾರು ಉಳಿದಿದ್ದವು. ಅರಕಲಗೂಡಿನ ತವರಿನವರು ಕೊಟ್ಟ ಒಂದು ಜೋಡಿಯ ಸಂತಾನ ಅದು. ರೇವಮ್ಮ ಅವಕ್ಕೆ ಔಷಧಿ ಹಾಕಿದವಳಲ್ಲ, ಮರಿಗಳ ಮೇಲೆ ಬಿದಿರಿನ ಮಂಕರಿ ಕವುಚಿ ಕಾದವಳೂ ಅಲ್ಲ. ನೆಂಟರು ಬಂದಾಗ ಕೈಗೆ ಸಿಕ್ಕಿದ್ದು ಸಾರಿಗೆ, ಸಿಗದ್ದು ಮರಕ್ಕೆ. ಮೂವತ್ತು ವರ್ಷ ಅವಳ ಕೋಳಿಸಾಕಣೆ ಎಂದರೆ ಇಷ್ಟೇ.

ಮಂಡಿನೋವಿನಿಂದ ರೇವಮ್ಮ ಜಗಲಿ ಹಿಡಿದ ಮೇಲೆ ಕೋಳಿಗಳ ಪಾರುಪತ್ಯ ಸೊಸೆ ರಂಜಿನಿಗೆ ಬಂತು. ರಂಜಿನಿಯದು ಮೆದು ಮನಸ್ಸು. ಹದ್ದು ಮರಿ ಎತ್ತಿಕೊಂಡು ಹೋದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಗಂಡ ಶಿವರಾಜುವಿನ ಬೆನ್ನುಬಿದ್ದು ಹಿತ್ತಲಲ್ಲಿ ಜಾಲರಿ ಶೆಡ್ಡು ಹಾಕಿಸಿದಳು. ರಾಗಿ ಚೆಲ್ಲಿ ಪುಸಲಾಯಿಸಿದಾಗ ಹದಿನಾಲ್ಕು ಕೋಳಿ ಒಳಗೆ ಬಂದವು. ಒಂದು ಮುದಿ ಹುಂಜ ಮತ್ತು ಕಡ್ಡಿಕಾಲಿನ ಬೂದುಬಣ್ಣದ ಹೇಟೆ ಮಾತ್ರ ಜಪ್ಪಯ್ಯ ಅಂದರೂ ಮರ ಬಿಡಲಿಲ್ಲ. ಆ ಹೇಟೆಗೆ ಬೂದಿ ಎಂದೇ ಹೆಸರು.

ಎರಡು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಆಲೂಗೆಡ್ಡೆ ಕೀಳಲು ಗಂಡ ಹೆಂಡತಿ ಹೊಲಕ್ಕೆ ಹೋದ ಒಂದು ದಿನ ಮುಂಗುಸಿಯೊಂದು ಜಾಲರಿಯಡಿ ಮಣ್ಣು ಕೆದಕಿ ಒಳಗೆ ನುಗ್ಗಿತು. ಮಧ್ಯಾಹ್ನ ರಂಜಿನಿ ಬಂದು ನೋಡಿದರೆ ಹದಿನಾಲ್ಕೂ ಸತ್ತು ಬಿದ್ದಿದ್ದವು. ಅವಕ್ಕೆ ಹಾರಲು ಮರವಿರಲಿಲ್ಲ, ಓಡಲು ಬಯಲಿರಲಿಲ್ಲ.

"ಅತ್ತೆಮ್ಮಾ, ನಿಮ್ಮ ತವರಿನ ತಳಿನ ನಾನೇ ಕೈಯಾರ ಕಳ್ದ್ಬುಟ್ಟೆ," ಎಂದು ಅವಳು ಜಗಲಿಯ ಬುಡದಲ್ಲಿ ಕೂತು ಅತ್ತಳು.

"ಬೂದಿ ಎಲ್ಲದೆ?" ಎಂದಳು ರೇವಮ್ಮ.

"ಅದೂ ವಾರದಿಂದ ಕಾಣ್ತಿಲ್ಲ."

"ಪುಕ್ಕ ಏನಾರ ಕಂಡ್ಯಾ?"

"ಇಲ್ಲ."

"ಅಂಗಾರೆ ಸುಮ್ಕಿರವ್ವ."

ಶಿವರಾಜು ಚನ್ನರಾಯಪಟ್ಟಣದಿಂದ ಫಾರಂ ಮರಿ ತರುತ್ತೇನೆಂದ. ರೇವಮ್ಮ ಅವನ ಮುಖ ನೋಡಿದ ರೀತಿಗೆ ಅವನು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಕತ್ತಾಳೆ ಬೇಲಿಯ ಸಂದಿನಿಂದ ಬೂದಿ ಹೊರಬಂತು. ಸೊರಗಿ ಅರ್ಧವಾಗಿತ್ತು. ಹಿಂದೆ ಒಂಬತ್ತು ಮರಿ! ರಂಜಿನಿ ಒಳಗೋಡಿ ಮಂಕರಿ ತಂದಳು. ಇವನ್ನಾದರೂ ಕವುಚಿ ಉಳಿಸಿಕೊಳ್ಳಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ತಿಪ್ಪೆಯ ಹತ್ತಿರ ಬರುವಷ್ಟರಲ್ಲಿ ನೆಲದ ಮೇಲೆ ಹದ್ದಿನ ನೆರಳು ಹಾಯಿತು.

ಬೂದಿ ಗಂಟಲೊಳಗೇ ಒಂದು ಸಣ್ಣ ಸದ್ದು ಮಾಡಿತು. ಅಷ್ಟೇ. ಒಂಬತ್ತು ಮರಿಗಳೂ ಇಲ್ಲವಾದವು.

ಯಾವುದೂ ಓಡಿರಲಿಲ್ಲ. ರಂಜಿನಿ ಎತ್ತಿದ ಕಾಲು ಇಳಿಸಲು ಹೆದರಿ ಒಂಟಿಕಾಲಲ್ಲಿ ನಿಂತಳು. ಕಣ್ಣು ಕಿರಿದು ಮಾಡಿ ಹುಡುಕಿದರೂ ಕಂಡದ್ದು ರಾಗಿಹುಲ್ಲು, ತರಗು, ಮಣ್ಣು. ಬಹಳ ಹೊತ್ತಾದ ಮೇಲೆ ಅವಳ ಕಾಲ ಹೆಬ್ಬೆರಳ ಪಕ್ಕದಲ್ಲೇ ಒಂದು ಕಣ್ಣು ಕಾಣಿಸಿತು. ಹುಲ್ಲಿನ ಬಣ್ಣದ ಆ ಮರಿ ರೆಪ್ಪೆಯನ್ನೂ ಆಡಿಸುತ್ತಿರಲಿಲ್ಲ. ಮೊಟ್ಟೆಯೊಡೆದು ಎರಡು ದಿನವಾಗಿರಬಹುದು. ಇದನ್ನೆಲ್ಲ ಯಾರು ಹೇಳಿಕೊಟ್ಟರು? ಹೇಳಿಕೊಟ್ಟದ್ದು ಆ ಹದ್ದೇ. ಮಾತು ಕೇಳದ ಮರಿಗಳನ್ನು ಅದು ಮೂವತ್ತು ವರ್ಷ ಎತ್ತಿಕೊಂಡು ಹೋಗಿತ್ತು; ಕೇಳಿದವು ಉಳಿದು ಮರಿ ಮಾಡಿದ್ದವು. ತಾನು ಊಟ ಬಿಟ್ಟು ಅತ್ತದ್ದು ಹದ್ದಿನ ಈ ಕೆಲಸಕ್ಕೇ ಎಂದು ನೆನೆದು ಅವಳಿಗೆ ಭಯವೂ ಭಕ್ತಿಯೂ ಒಟ್ಟಿಗೇ ಬಂದವು.

ಹದ್ದು ದೂರವಾಯಿತು. ಬೂದಿ ಇನ್ನೊಂದು ಸದ್ದು ಮಾಡಿತು. ಒಂಬತ್ತೂ ಮಣ್ಣಿನಿಂದಲೇ ಎದ್ದು ಬಂದವು.

"ಕವುಚ್ತೀಯೇನವ್ವ?" ಜಗಲಿಯಿಂದ ರೇವಮ್ಮ ಕೂಗಿದಳು.

ರಂಜಿನಿ ಕೈಯಲ್ಲಿದ್ದ ಮಂಕರಿ ನೋಡಿದಳು. "ಬ್ಯಾಡ ಅತ್ತೆಮ್ಮಾ," ಎಂದಳು. ಸಂಜೆಗೆ ಎಂಟೇ ಮರಿ ಇದ್ದವು. ಆದರೂ ಅಟ್ಟ ಸೇರಿದ ಮಂಕರಿ ಮತ್ತೆ ಇಳಿಯಲಿಲ್ಲ.

ಕೊನೆಗೆ ಉಳಿದವು ಐದು. ಅವು ಬಲಿತ ಮೇಲೆ ಒಂದು ಭಾನುವಾರ ನೆಂಟರು ಬಂದರು. ರಂಜಿನಿ, ಶಿವರಾಜು, ಬಂದ ಇಬ್ಬರು ಭಾವಂದಿರು ಸೇರಿ ಒಂದು ಗಂಟೆ ಹಿತ್ತಲೆಲ್ಲ ಅಟ್ಟಾಡಿಸಿದರು. ಐದೂ ಹುಣಸೆಮರದ ತುದಿ ಸೇರಿಕೊಂಡವು. ರಂಜಿನಿ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಳು. ಮುಖದಲ್ಲಿ ಮದುವೆಮನೆಯ ಕಳೆಯಿತ್ತು.

"ಒಂದೂ ಸಿಗ್ನಿಲ್ಲ ಅತ್ತೆಮ್ಮಾ!"

ರೇವಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. ನೆಂಟರಿಗೆ ಅಂದು ಹುರುಳಿಸಾರೇ ಆಯಿತು.